ನನ್ನ ತೆಗೀರಿ

ಯಾರಾದರೂ ದೆವ್ವ ಕಂಡೆ ಎಂದರೆ ನಾನು ‘ಫೋಟೋ ಇದೆಯಾ?’ ಎಂದು ಕಿಚಾಯಿಸುತ್ತಿದ್ದೆ. ಫೋಟೋಗ್ರಾಫರನ ಜಂಬ ಅದು. ಈಗ ಹೇಳಹೊರಟಿರುವುದಕ್ಕೆ ನನ್ನ ಹತ್ತಿರವೂ ಫೋಟೋ ಇಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು ನಾನು ಸಂಭಾಜಿನಗರದ ಮರಾಠಿ ಪತ್ರಿಕೆಯೊಂದರಲ್ಲಿದ್ದೆ. ಒಮ್ಮೆ ಸಿಲ್ಲೋಡ್ ರಸ್ತೆಯಲ್ಲಿ ಪೈಪಿನ ಗುಂಡಿ ಕುಸಿದು ಕೂಲಿಯವನೊಬ್ಬ ಎದೆಮಟ್ಟದವರೆಗೆ ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದ. ಬೀದರ ಕಡೆಯವನೆಂದು ತಿಳಿದು ಕನ್ನಡದಲ್ಲಿ ಮಾತಾಡಿಸಿದೆ. ‘ಸರ, ನನ್ನ ತೆಗೀರಿ’ ಅಂದ. ನಮ್ಮ ಮಾತಿನಲ್ಲಿ ಮನುಷ್ಯನನ್ನು ಹೊರಗೆ ತೆಗೆಯುವುದಕ್ಕೂ ಫೋಟೋ ತೆಗೆಯುವುದಕ್ಕೂ ಒಂದೇ ಶಬ್ದ. ಕ್ಯಾಮೆರಾ ಹಿಡಿದಿದ್ದ ನಾನು ಫೋಟೋ ತೆಗೆದೆ. ಉಳಿದವರು ಮಣ್ಣು ತೋಡುತ್ತಿದ್ದರು. ಪತ್ರಿಕೆಗೆ ತಡವಾಗುತ್ತದೆಂದು ನಾನು ಹೊರಟುಬಿಟ್ಟೆ. ಚಿತ್ರ ಮುಖಪುಟಕ್ಕೆ ಬಂತು, ಭೇಷ್ ಅನ್ನಿಸಿಕೊಂಡೆ. ಅವನೇನಾದ ಎಂದು ವಿಚಾರಿಸಲಿಲ್ಲ. ಹೇಳಲು ನಾಚಿಕೆಯಾಗುತ್ತದೆ.

ಆಮೇಲೆ ನಾಸಿಕಕ್ಕೆ ಬಂದು ಕಂಪನಿಗಳ ಫೋಟೋಗೆ ಇಳಿದೆ. ಥಳಥಳ ಯಂತ್ರ, ನಗುವ ನೌಕರರು. ಬೆವರಿದವರನ್ನು ಚಿತ್ರದಿಂದ ‘ತೆಗೆಯುವುದೂ’ ಈ ಕೆಲಸವೇ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಅಲ್ಲಿನ ಸಾತಪುರದ ಕಾರ್ಖಾನೆಯೊಂದರಲ್ಲಿ ಬಣ್ಣ ಒಣಗಿಸುವ ಉಕ್ಕಿನ ಕೋಣೆಯೊಳಗಿದ್ದೆ. ಟ್ಯೂಬ್‌ಲೈಟಿನ ಹಸಿರು ಛಾಯೆ ಬೇಡ, ಫ್ಲ್ಯಾಶ್ ಸಾಕೆಂದು ಹೊರಗಿನ ಸ್ವಿಚ್ ಒತ್ತಿ ದೀಪ ಆರಿಸಿದ್ದೆ. ಕತ್ತಲು ನೋಡಿ, ಒಳಗೆ ಯಾರೂ ಇಲ್ಲವೆಂದು ವಾಚ್‌ಮನ್ ಹೊರಗಿನಿಂದ ಚಿಲಕ ಹಾಕಿ ಹೋದ. ಎರಡನೇ ಪಾಳಿ ಶುರುವಾದೊಡನೆ ಕೋಣೆ ಕಾಯಿಸುತ್ತಾರೆ. ಫೋನಿಗೆ ಸಿಗ್ನಲ್ ಇಲ್ಲ. ಜೀವ ಬಾಯಿಗೆ ಬಂತು.

ಬಾಗಿಲು ತೆರೆಯಿರೆಂದು ಮರಾಠಿಯಲ್ಲಿ ‘ದಾರ್ ಉಘಡಾ!’ ಎಂದು ಕೂಗಿದೆ, ಹಿಂದಿಯಲ್ಲಿ ಕೂಗಿದೆ. ಬಾಗಿಲು ಬಡಿದು ಬಡಿದು ಕೈ ಬಾತವು. ಗಂಟಲು ಕಟ್ಟಿ ದನಿಯೇ ಹೊರಡದಾಯಿತು. ಆಗ ನೆಲದ ಹತ್ತಿರದಿಂದ ಕೇಳಿಸಿತು, ‘ಸರ, ನನ್ನ ತೆಗೀರಿ.’

ಕ್ಯಾಮೆರಾ ಕೆಳಗಿಟ್ಟು, ಕತ್ತಲಲ್ಲಿ ಎರಡೂ ಕೈ ಚಾಚಿ ತಡವಿದೆ. ಬರೀ ನೆಲ.

ಅಷ್ಟರಲ್ಲಿ ಚಿಲಕ ಸರಿಯಿತು. ವಾಚ್‌ಮನ್ ಕಲಬುರಗಿಯವನು. ‘ತಪ್ಪಾಯ್ತ್ರಿ ಸರ. ಮರಾಠಿ ಕೂಗು ಇಲ್ಲಿ ದಿನಾ ಇರ್ತದ, ಲಕ್ಷ್ಯ ಕೊಡಲಿಲ್ಲ. ನಮ್ಮ ಮಾತು ಕೇಳಿ ಓಡಿ ಬಂದೆ’ ಅಂದ.

‘ಏನು ಕೇಳಿಸಿತು?’ ಎಂದು ಪಿಸುದನಿಯಲ್ಲಿ ಕೇಳಿದೆ.

‘ನೀವೇ ಅಂದ್ರಲ್ರೀ, ಸರ ನನ್ನ ತೆಗೀರಿ ಅಂತ.’

ಒಳಗೆ ನಾನು ಕನ್ನಡದಲ್ಲಿ ಒಂದು ಮಾತೂ ಆಡಿರಲಿಲ್ಲ. ಹೆದರಿಕೆಯಲ್ಲಿ ಆಡಿ ಮರೆತಿದ್ದೀರಿ ಎನ್ನುತ್ತಾಳೆ ಹೆಂಡತಿ. ಇರಬಹುದು. ಆದರೆ ವಾಚ್‌ಮನ್‌ನನ್ನು ನಾನೇಕೆ ‘ಸರ’ ಎನ್ನಲಿ?

ಮುಂದಿನ ವಾರವೇ ಸಂಭಾಜಿನಗರಕ್ಕೆ ಹೋಗಿ ಆ ಕೂಲಿಯವನ ಬಗ್ಗೆ ವಿಚಾರಿಸಿದೆ. ಹೆಸರೇನು ಎಂದು ಎಲ್ಲರೂ ಕೇಳಿದರು. ಫೋಟೋದ ಕೆಳಗೆ ನಾನು ಹೆಸರನ್ನೇ ಬರೆದಿರಲಿಲ್ಲ. ನನ್ನನ್ನಂತೂ ತೆಗೆದರು. ಅವನನ್ನು ತೆಗೆದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.