ಸತ್ಯವ್ವನ ಉದ್ದ ಪ್ರಾರ್ಥನೆ

ಖಾನಾಪುರದ ಸತ್ಯವ್ವ ನಿದ್ದೆಯಲ್ಲಿ ಎಂಥ ಹೆಂಗಸೆಂದರೆ, ಒಮ್ಮೆ ಬೆಳಗಾವಿಗೆಂದು ಪ್ಯಾಸೆಂಜರ್ ಗಾಡಿ ಹತ್ತಿ ಕಿಟಕಿಗೆ ತಲೆ ಕೊಟ್ಟವಳು ಮೀರಜಿನ ತನಕ ಹೋಗಿ, ಅದೇ ಗಾಡಿಯಲ್ಲಿ ತಿರುಗಿ ಬಂದು, ಖಾನಾಪುರದಲ್ಲೇ ಕಣ್ಣು ಬಿಟ್ಟು, "ಇವತ್ತ ಗಾಡಿ ಬಿಡೂದ ಭಾಳ ತಡಾ ಆತ ನೋಡ್ರಿ" ಎಂದಳಂತೆ. ಇದನ್ನು ನೀವು ನಂಬಬೇಕಾಗಿಲ್ಲ. ಟಿಕೆಟ್ ನೋಡಲು ಬಂದವನು ಎಬ್ಬಿಸಲು ಮನಸ್ಸಾಗದೆ, ತಾನೂ ಪಕ್ಕದಲ್ಲಿ ಕುಳಿತು ನಿದ್ದೆ ಹೋದ ಎಂಬುದನ್ನಂತೂ ನಂಬಲೇಬೇಡಿ. ಆದರೆ ಅವಳು ಅಷ್ಟು ದಣಿದಿದ್ದಳು ಎಂಬುದು ಮಾತ್ರ ಸುಳ್ಳಲ್ಲ.

ಗಂಡ ಗುರುಪಾದಪ್ಪ ಹಂಚಿನ ಕಾರ್ಖಾನೆಯ ಆಳು. ಹೋದ ವರ್ಷ ಲಕ್ವಾ ಹೊಡೆದು ಅವನ ಬಲಗಡೆಯೆಲ್ಲ ಬಿದ್ದುಹೋಯಿತು. ಬಾಯಿ ಉಳಿಯಿತು, ಅದೂ ಅರ್ಧ. ರಾತ್ರಿ ಎದ್ದೆದ್ದು ಅವನ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಸುಕಿನಲ್ಲಿ ಅವನಿಗೆ ಗಂಜಿ ಕುಡಿಸಿ, ನೆರೆಯವರಿಗೆ ಒಪ್ಪಿಸಿ, ಬೆಳಗಾವಿಯ ಟಿಳಕವಾಡಿಯ ಮನೆಗಳಲ್ಲಿ ಭಾಂಡೆ-ಪಾತ್ರೆ ತಿಕ್ಕಲು ಗಾಡಿ ಹಿಡಿಯಬೇಕು. ಸಂಜೆ ಬಂದರೆ ಒಲೆ, ಗಂಡನ ಬಟ್ಟೆ, ಮತ್ತೆ ಮಗ್ಗುಲು. ನಿದ್ದೆ ಎಂಬುದು ಸತ್ಯವ್ವನಿಗೆ ಪರವೂರಿನ ನೆಂಟನ ಹಾಗೆ ಆಗಿತ್ತು. ನೆನಪಿತ್ತು, ಭೇಟಿ ಇರಲಿಲ್ಲ.

ಹೀಗಿರುವವಳು ಭಾನುವಾರ ಚರ್ಚಿಗೆ ಹೋಗಿ, ಮೊಣಕಾಲೂರಿ ಬೆಂಚಿಗೆ ಹಣೆ ಹಚ್ಚಿದರೆ ಏನಾಗಬೇಕೋ ಅದೇ ಆಗುತ್ತಿತ್ತು. "ತಂದೀ..." ಎನ್ನುವಷ್ಟರಲ್ಲಿ ಕಣ್ಣು ಹತ್ತಿಬಿಡುತ್ತಿತ್ತು. ಒಂದು ಸಲ ಲೋಂಡಾದಿಂದ ಬಂದಿದ್ದ ಬೋಧಕರು ಪ್ರಾರ್ಥನೆ ಮುಗಿಸಿ ಆಮೆನ್ ಅಂದರು. ಸಭೆಯೆಲ್ಲ ಎದ್ದಿತು, ಸತ್ಯವ್ವ ಏಳಲಿಲ್ಲ. "ಪ್ರಾರ್ಥನಾದಾಗ ಮುಳುಗೂದಂದ್ರ ಆ ತಾಯಿ ಹಂಗ ಮುಳುಗಬೇಕ್ರಿ!" ಎಂದು ಅವರು ಅಲ್ಲಿಂದಲೇ ಹೊಗಳಿದರು. ಸುದ್ದಿ ಪಾರಿಶ್ವಾಡ ಎಂಬ ಊರಿನ ತನಕ ಮುಟ್ಟಿತು. ಅಲ್ಲಿಂದಲೂ ಜನ ಬಂದು "ನಮ್ಮ ಸಲುವಾಗಿ ಪ್ರಾರ್ಥನಾ ಮಾಡವಾ" ಎನ್ನತೊಡಗಿದರು. ಹಾಗೆ ಕೇಳಿಕೊಂಡ ಒಬ್ಬನ ಕಳೆದ ಎಮ್ಮೆ ಮರುದಿನ ತಾನಾಗಿ ಬಂತು, ಬರುವಾಗ ಇನ್ನೊಬ್ಬರ ಎಮ್ಮೆಯನ್ನೂ ಕರೆತಂತು ಎಂದೂ ಹೇಳುತ್ತಾರೆ.

ಸತ್ಯವ್ವನಿಗೆ ನಗು ಬರಲಿಲ್ಲ. ಮೊದಲೆಲ್ಲ ಒಲೆ ಊದುತ್ತ ಎರಡು ಮಾತಾಡಿದರೂ ದೇವರು ಅಲ್ಲೇ ಕೂತು ಕೇಳುತ್ತಿದ್ದಾನೆ ಅನ್ನಿಸುತ್ತಿತ್ತು. ಈಗ ಕರೆದರೆ ತನ್ನ ದಣಿವೇ ಓಗೊಡುತ್ತಿತ್ತು. ದೇವರಿಗೂ ಮಂದಿಗೂ ಮೋಸ ಮಾಡುತ್ತಿದ್ದೇನೆ ಎಂದು ಒಳಗೇ ಕೊರಗುತ್ತಿದ್ದಳು.

ಅಂಥದರಲ್ಲಿ ಒಂದು ಭಾನುವಾರ ಮಧ್ಯಾಹ್ನ, ಚರ್ಚಿನಲ್ಲಿ ಅವಳ ಪಕ್ಕದಲ್ಲೇ ಕೂರುವ ಭೀಮಕ್ಕ ಮನೆಗೆ ಬಂದಳು. ಮುಖ ಬಾಡಿತ್ತು.

"ನಮ್ಮ ಮಗಳು ತ್ರಿವೇಣಿ ದಿನಾ ತುಂಬೂಕಿಂತ ಮೊದಲ ಹಡದಾಳ. ಕೂಸಿನ್ನ ಬೆಳಗಾವಿ ದವಾಖಾನ್ಯಾಗ ಗಾಜಿನ ಪೆಟಿಗ್ಯಾಗ ಇಟ್ಟಾರವಾ. ಅಂಗೈಯಷ್ಟ ಐತಿ. ಅರಿವಿ ಬಟ್ಟಿ ಒಯ್ಯಾಕ ಊರಿಗೆ ಬಂದೆ, ಸಂಜಿ ಬಸ್ಸಿಗೆ ಹೋಗಬೇಕು. ನೀ ಒಂದೀಟ ಪ್ರಾರ್ಥನಾ ಮಾಡು."

ಸತ್ಯವ್ವ ಯೋಚಿಸಿದಳು: ಎಮ್ಮೆಯ ವಿಷಯದಲ್ಲಿ ಸುಮ್ಮನಿರಬಹುದು, ಕೂಸಿನ ವಿಷಯದಲ್ಲಿ ಹೇಗೆ?

"ನನ್ನ ಪ್ರಾರ್ಥನಾ ನೆಚ್ಚಬ್ಯಾಡ ಭೀಮಕ್ಕ. ಖರೇ ಹೇಳ್ತೀನಿ, ಚರ್ಚಿನ್ಯಾಗ ನಾ ಪ್ರಾರ್ಥನಾ ಮಾಡೂದಿಲ್ಲ. ಮಲಗ್ತೀನಿ."

"ಬರೇ ಮಲಗೂದಿಲ್ರಿ," ಹೊರಸಿನ ಮೇಲಿಂದ ಗುರುಪಾದಪ್ಪ ಸೊಟ್ಟ ಬಾಯಲ್ಲೇ ಹೇಳಿದ. "ಗೊರಕೀನೂ ಹೊಡಿತಿರ್ತಾಳ."

"ಅದನ್ನ ನನಗ ಹೇಳ್ತೀರೇನ್ರಿ ಮಾವಾರ? ಆಕಿ ಬಾಜೂಕ ಕುಂದರಾಕಿ ನಾನ!" ಭೀಮಕ್ಕನ ಮುಖದಲ್ಲಿ ಒಂದು ಗಳಿಗೆ ನಗು ಹಾದುಹೋಯಿತು. "ನಮ್ಮ ಪಾಸ್ಟರು ಪ್ರಾರ್ಥನಾದ ನಡಕ ಒಂದ ಕಣ್ಣ ತಗದ ನನ್ನ ಕಡೆ ನೋಡ್ತಾರ. ಇನ್ನೂ ಎದ್ದಿಲ್ಲ, ನಡಸ್ರಿ ಅಂತ ನಾ ಕೈ ಮಾಡ್ತೀನಿ. ಪಾಪ, ಪಂಚಾಯ್ತಿಯಿಂದ ಹಿಡದ ದಿಲ್ಲಿ ತನಕಾ ಎಲ್ಲಾರ ಸಲುವಾಗಿ ಬೇಡಿಕೊಂತ ಹೋಗ್ತಾರ. ಮನ್ಯಾಗ ಅನ್ನ ಆರಿದ್ರೂ ಒಬ್ರೂ ಪಿಟ್ಟ ಅನ್ನೂದಿಲ್ಲ."

ಸತ್ಯವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅಯ್ಯ ಯವ್ವಾ... ಎಲ್ಲಾರಿಗೂ ಗೊತ್ತೈತಿ? ಮತ್ತ ನನ್ನ ಕಡೆ ಯಾಕ ಬಂದಿ?"

"ಕೂಸ ಹುಟ್ಟಿದಾಗಿಂದ ನನಗ ಕಣ್ಣ ಹತ್ತಿಲ್ಲವಾ. ಮುಚ್ಚಿದ್ರ ಸಾಕು, ಆ ಪೆಟಿಗಿ ಬಂದ ನಿಂದರತೈತಿ." ಭೀಮಕ್ಕ ಅವಳ ಕೈ ಹಿಡಿದಳು. "ದೇವರ ಮುಂದ ಅಷ್ಟ ನಿಶ್ಚಿಂತಿ ಮಲಗಾಕಿ ನೀ ಒಬ್ಬಾಕಿನ. ನಿನ್ನ ಬಾಜೂಕ ಕುಂತ್ರ ನನಗೂ ಅಷ್ಟ ಧೈರ್ಯ ಬಂದೀತೇನೋ ಅಂತ ಬಂದೆ."

ಇಬ್ಬರೂ ಹೊರಸಿನ ಬದಿಗೆ ಮೊಣಕಾಲೂರಿದರು. ಸತ್ಯವ್ವ ಕಣ್ಣು ಮುಚ್ಚಿ ನಿದ್ದೆಯ ದಾರಿ ನೋಡಿದಳು. ಬರಲಿಲ್ಲ. "ತಂದೀ, ಅಂಗೈಯಷ್ಟ ಕೂಸೈತಿ," ಎಂದಳು ಮೆಲ್ಲಗೆ, "ಅದರ ಉಸರ ಕಾಯಿ. ತ್ರಿವೇಣಿ ಎದಿಯಾಗ ಹಾಲ ತುಂಬು. ಈ ಭೀಮಕ್ಕಗ..." ಅಷ್ಟರಲ್ಲಿ ಹೆಗಲ ಮೇಲೆ ಭಾರ ಬಿತ್ತು. ಭೀಮಕ್ಕನ ತಲೆ. ಬಾಯಿ ತುಸು ತೆರೆದು, ಕೂಸಿನ ಹಾಗೆ ಮಲಗಿದ್ದಳು.

ಬೇಡುವುದೆಲ್ಲ ಮುಗಿಯಿತು. ಆಮೆನ್ ನಾಲಿಗೆಯ ತುದಿಗೆ ಬಂದಿತ್ತು. ಆಮೆನ್ ಅಂದುಬಿಟ್ಟರೆ ಭೀಮಕ್ಕ ಎದ್ದುಬಿಡುತ್ತಾಳೆ. ಸತ್ಯವ್ವ ಅದನ್ನು ನುಂಗಿಕೊಂಡಳು. "ಮತ್ತ, ತಂದೀ..." ಎಂದು ಡಾಕ್ಟರರನ್ನು ತಂದಳು, ನರ್ಸಮ್ಮಂದಿರನ್ನು ತಂದಳು, ಟಿಳಕವಾಡಿಯ ಮನೆಯೊಡತಿಯ ಮೊಣಕಾಲು ನೋವನ್ನೂ, ಹಗಲೆಲ್ಲ ಬೊಗಳುವ ಓಣಿಯ ನಾಯಿಯನ್ನೂ ತಂದಳು. ಯಾರೂ ಉಳಿಯದಾದಾಗ ತಾನೊಬ್ಬಳೇ ಉಳಿದಿದ್ದಳು.

"ನನಗ ಸಾಕಾಗೈತಿ, ತಂದೀ. ಭಾಳ ಸಾಕಾಗೈತಿ."

ಇಷ್ಟು ದಿನ ಆಡದೆ ಉಳಿದದ್ದು ಇದೇ ಮಾತು. ಆಡಿದ ಮೇಲೆ ದಣಿವೇನೂ ಇಳಿಯಲಿಲ್ಲ. ಕಾಲು ಜುಮುಗುಟ್ಟುತ್ತಿತ್ತು, ಸೊಂಟ ಸೀಳುತ್ತಿತ್ತು. ಆದರೆ ಯಾರೋ ಅಲ್ಲೇ ಕೂತು ಕೇಳಿದರು ಅನ್ನಿಸಿತು. ನಾಯಿಯ ಮಾತನ್ನೂ ಕೇಳಿದರಲ್ಲ ಎಂದು ನೆನೆದು ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಹೆಗಲು ಅಲುಗದಂತೆ ತುಟಿ ಕಚ್ಚಿ ಹಿಡಿದರೆ ಕಣ್ಣಲ್ಲಿ ನೀರು.

ಗುರುಪಾದಪ್ಪನ ಮಗ್ಗುಲು ಬದಲಿಸುವ ಹೊತ್ತು ಮೀರಿತ್ತು. ಬೆನ್ನು ಉರಿಯುತ್ತಿದ್ದರೂ ಅವನು ಅದರ ಮಾತೆತ್ತಲಿಲ್ಲ. ಮಲಗಿದವಳನ್ನೊಮ್ಮೆ ನೋಡಿ, ದನಿ ತಗ್ಗಿಸಿ, "ಕಂಡಕ್ಟರ್," ಎಂದ. "ಸಂಜಿ ಬಸ್ಸಿನ ಕಂಡಕ್ಟರ್ ಉಳದಾನ ನೋಡು."

"ಮತ್ತ, ತಂದೀ," ಎಂದಳು ಸತ್ಯವ್ವ, "ಆ ಕಂಡಕ್ಟರ್..."