ಗುಟುಕು ಉಸಿರಿನ ಈರಕ್ಕ

ಸೀನು ಬರುವ ಸೂಚನೆ ಸಿಕ್ಕಿದ ಕೂಡಲೇ ಈರಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಹೋಗಿ ನಡುಮನೆಯ ಕಂಬವನ್ನು ತಬ್ಬಿಕೊಳ್ಳುತ್ತಿದ್ದಳು. ಎದೆಯನ್ನು ಕಂಬಕ್ಕೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಸೀನಿ, ಒಂದು ಗಳಿಗೆ ಹಾಗೇ ನಿಂತಿದ್ದು, "ಆಯ್ತು, ಉಳ್ಕೊಂಡೆ" ಎಂದು ಮತ್ತೆ ಬಂದು ರೊಟ್ಟಿ ತಟ್ಟಲು ಕೂರುವಳು. ನೋಡಿದವರಿಗೆ ನಗು. ನಾನೂ ನಕ್ಕಿದ್ದೇನೆ. "ಬಾವ ಇಲ್ದಿದ್ರೆ ಕಂಬಾನೇ ಸೈ ಅಲ್ವೇನಕ್ಕಾ" ಎಂದು ಹಾಸ್ಯ ಮಾಡಿದ್ದೇನೆ. ಅವಳಿಗೂ ನಗು ಉಕ್ಕಿ ಬರುತ್ತಿತ್ತು. ಆದರೆ ನಕ್ಕರೂ ಸೀನಿದಷ್ಟೇ ನೋವು. "ನಗಿಸ್ಬ್ಯಾಡ ಕಣೆ ಪಾಪಿ" ಎಂದು ಒಂದು ಕೈಯಲ್ಲಿ ಎದೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ನನ್ನ ಮೇಲೆ ಹಿಟ್ಟು ಎರಚುವಳು.

ಈರಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ತವರು ಕಲ್ಯಾಣದುರ್ಗ. ನಾನು ಹದಿನಾರು ವರ್ಷಕ್ಕೆ ಹಿಂದೂಪುರದ ನೇಕಾರರ ಬೀದಿಯ ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತನಾಲ್ಕು. ಬಂದ ಹೊಸತರಲ್ಲಿ ತವರು ನೆನೆದು ಹಿತ್ತಲಲ್ಲಿ ಅಳುತ್ತಿದ್ದ ನನಗೆ, "ಅಳು, ಅಳು, ಬ್ಯಾಡ ಅನ್ನಲ್ಲ. ಆದ್ರೆ ಕೂತ್ಕೊಂಡು ಅಳು, ನಿಂತ್ರೆ ಕಾಲು ನೋಯ್ತವೆ" ಎಂದು ಮಣೆ ತಂದು ಕೊಟ್ಟವಳು ಅವಳು.

ಅವಳ ತೋಳಿನ ಶಕ್ತಿ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಬೆಳಗಾಗುತ್ತಲೇ ಬೀದಿಯುದ್ದಕ್ಕೂ ಹಾಸಿನ ನೂಲನ್ನು, ಅಂದರೆ ಮಗ್ಗದ ಉದ್ದೆಳೆಗಳನ್ನು, ಎಳೆದು ಕಟ್ಟಿ, ಗಂಜಿ ಹಚ್ಚಿ, ಮೊಳದುದ್ದದ ನಾರಿನ ಕುಂಚದಿಂದ ಒಂದೇ ಸಮನೆ ತೀಡುತ್ತ ಹೋಗಬೇಕು. ಬಿಸಿಲೇರುವ ಮೊದಲು ಮುಗಿಯಬೇಕು, ಎಳೆಗೆ ಎಳೆ ಅಂಟಿಕೊಂಡರೆ ಹಾಸೆಲ್ಲ ಹಾಳು. ಇದು ಗಂಡಸರ ಕೆಲಸ. ನಮ್ಮ ಮನೆಯಲ್ಲಿ ಹಿರಿಮಗ ಕ್ಷಯದಲ್ಲಿ ಹೋಗಿ, ಉಳಿದ ಇಬ್ಬರು, ಈರಕ್ಕನ ಗಂಡನೂ ನನ್ನ ಗಂಡನೂ, ಮಗ್ಗಕ್ಕೆ ಕೂತಿದ್ದರಿಂದ ಕುಂಚ ಈರಕ್ಕನ ಪಾಲಿಗೆ ಬಂತು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ ಅವಳು ಕುಂಚ ಎಳೆಯುವಾಗ ಎದುರುಬದಿ ಹಿಡಿದ ಗಂಡಸು ಏದುಸಿರು ಬಿಡುತ್ತಿದ್ದ. "ರಾವಯ್ಯಾ ರಾ, ಬೇಗ್ ಬಾ, ನಿದ್ದೆ ಹೋಗ್ಬ್ಯಾಡ" ಎಂದು ತೆಲುಗು ಕನ್ನಡ ಬೆರೆಸಿ ಅವನನ್ನು ರೇಗಿಸುವಳು.

ಯುದ್ಧದ ಕಾಲದ ಒಂದು ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಹತ್ತಿತು. ಎರಡು ತಿಂಗಳು ಕೆಮ್ಮಿದಳು, ಕೆಮ್ಮುತ್ತಲೇ ಕುಂಚ ಎಳೆದಳು. ಆಮೇಲೆ ಕೆಮ್ಮು ಹೋಯಿತು, ಎದೆಯಲ್ಲಿ ನೋವು ನಿಂತಿತು. ಎದೆಯ ನಡುಮೂಳೆಯ ಎಡಕ್ಕೆ, ಬೆರಳಿಟ್ಟು ತೋರಿಸುವಷ್ಟು ಜಾಗ. ದೀರ್ಘವಾಗಿ ಉಸಿರೆಳೆದರೆ ಚುಚ್ಚುತ್ತಿತ್ತು, ಮಗ್ಗುಲಾದರೆ ಚುಚ್ಚುತ್ತಿತ್ತು. ಅವಳು ಅದಕ್ಕೆ ತನ್ನದೇ ಉಪಾಯಗಳನ್ನು ಮಾಡಿಕೊಂಡಳು. ಹರಳೆಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಎದೆಗೆ ಹಾಕುವುದು, ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು, ನೂಲಿನ ಮೂಟೆಗೆ ಒರಗಿ ಕೂತೇ ನಿದ್ದೆ ಮಾಡುವುದು. ಉಸಿರಿಗಂತೂ ಒಂದು ಪಾಠವನ್ನೇ ಕಟ್ಟಿದ್ದಳು. "ಗುಟುಕ್ ಗುಟುಕಾಗಿ ತಕ್ಕೋಬೇಕು ಕಣೆ ನಾಗಿ, ಬಿಸಿ ಕಾಫಿ ಕುಡ್ದಂಗೆ. ಒಂದೇ ಸಲ ಗಟಗಟ ಕುಡ್ಯಾಕ್ ಹೋದ್ರೆ ಸುಡ್ತದೆ." ನೋವು ಹೆಚ್ಚಾದ ದಿನ ಕೇಳಿದರೆ, "ಏಂ ಕಾದು ಲೇ" ಅನ್ನುವಳು. ಏನೂ ಆಗಲ್ಲ ಬಿಡು ಅಂತ.

ನಮ್ಮತ್ತೆಗೆ ಮಾತ್ರ ಭಯ ಹತ್ತಿಕೊಂಡಿತು. ಕೆಮ್ಮು, ಎದೆನೋವು, ಸೊರಗಿದ ಮೈ. ಹಿರಿಮಗನಿಗೂ ಹೀಗೇ ಶುರುವಾಗಿತ್ತಂತೆ. ಅವರನ್ನು ನಾನು ಕೆಟ್ಟವರು ಅನ್ನಲಾರೆ. ಮಗನ ಬಾಯಿಂದ ಬಂದ ರಕ್ತವನ್ನು ಬಳಿದ ಕೈ ಅದು. ಈರಕ್ಕನಿಗೆ ಬೇರೆ ತಟ್ಟೆ, ಬೇರೆ ಲೋಟ ಬಂದವು. ಅವಳನ್ನು ಸೇರಿಸಿದ ಹಿಂದಿನ ಕೋಣೆಯ ಗೂಡಿನಲ್ಲಿ ಅವನ್ನು ಇಟ್ಟವಳು ನಾನು. ಭಾವ ಮಗ್ಗದ ಗುಂಡಿಯಲ್ಲಿ ತಲೆ ತಗ್ಗಿಸಿ ಕೂತುಬಿಟ್ಟರು.

ಈರಕ್ಕನಿಗೆ ಒಬ್ಬಳೇ ಮಗಳು, ಪಾರು. ಎರಡು ತುಂಬಿ ಮೂರಕ್ಕೆ ಬಿದ್ದಿದ್ದಳು. ಮಗು ತಾಯಿಯ ಹತ್ತಿರ ಹೋಗದಂತೆ ನೋಡಿಕೊಳ್ಳುವ ಕೆಲಸ ನನಗೆ ಬಿತ್ತು. ಹೊಡೆದು ಬಡಿದು ಮಾಡಲು ಮನಸ್ಸಾಗಲಿಲ್ಲ, ಆಟ ಮಾಡಿ ಕಲಿಸಿದೆ. "ಅಮ್ಮ ಬಂದ್ರೆ ಏನ್ ಮಾಡ್ಬೇಕು ಪಾರು?" ಎಂದರೆ ಅವಳು ಲಂಗದ ಅಂಚನ್ನು ಮೂಗಿಗೆ ಹಿಡಿದು ಹಿಂದೆ ಹಿಂದೆ ಓಡಬೇಕು. ಓಡಿದರೆ ಒಂದು ಚೂರು ಬೆಲ್ಲ. ನಾಲ್ಕೇ ದಿನಕ್ಕೆ ಕಲಿತಳು. ಬುದ್ಧಿವಂತೆ ಎಂದು ನಾನು ಬೀಗಿದೆ ಕೂಡ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಆಮೇಲೆ ಅದೂ ಸಾಲದೆಂದು ಪಾರುವನ್ನು ಚಿಲಮತ್ತೂರಿನಲ್ಲಿದ್ದ ನಮ್ಮ ನಾದಿನಿ ಸಾಕಮ್ಮನ ಮನೆಗೆ ಕಳಿಸಿದರು. ಸಾಕಮ್ಮನಿಗೆ ಮಕ್ಕಳಿರಲಿಲ್ಲ. ಈರಕ್ಕನನ್ನು ತವರಿಗೆ ಕಳಿಸಿದರು. ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಬಸ್ಸು ಹತ್ತುವಾಗ ಅವಳು ನನಗೆ ಹೇಳಿದ್ದು ಇಷ್ಟೆ: "ವಾಸಿ ಮಾಡ್ಕೊಂಡು ಬತ್ತೀನಿ. ಮಗೀಗೆ ನನ್ ಹೆಸ್ರು ಮರೀದಂಗೆ ಹೇಳ್ತಿರು."

ಹೇಳುತ್ತಿದ್ದೆನೇ? ಚಿಲಮತ್ತೂರಿಗೆ ನಾನು ಆ ವರ್ಷದಲ್ಲಿ ಹೋದದ್ದು ಒಂದೇ ಸಲ.

ಒಂದು ವರ್ಷದ ಮೇಲೆ ಈರಕ್ಕ ಬಂದಳು, ಕೈಯಲ್ಲಿ ಕಲ್ಯಾಣದುರ್ಗದ ಡಾಕ್ಟರರ ಇಂಗ್ಲಿಷ್ ಚೀಟಿ. ಆ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಬೆರಳಿನಿಂದ ಒಂದೊಂದೇ ಪಕ್ಕೆಲುಬನ್ನು ಒತ್ತಿ ನೋಡಿ, ಕೊನೆಗೆ "ಏಂ ಪನಿ ಚೇಸ್ತಾವಮ್ಮಾ?" ಎಂದು ಅವಳು ಮಾಡುವ ಕೆಲಸ ಕೇಳಿದರಂತೆ. "ನಾನು ಎದ್ನಿಂತು ಕುಂಚ ಎಳ್ಯೋದು ತೋರ್ಸ್ದೆ ಕಣೆ. ತೋರಿಸ್ತಾ ತೋರಿಸ್ತಾ ಅಮ್ಮಾ ಅಂತ ಕೂತ್ಬುಟ್ಟೆ. ಅವ್ರು ನಕ್ಕುಬುಟ್ರು. ಇದಿ ಕ್ಷಯ ಕಾದಮ್ಮಾ, ಕ್ಷಯ ಅಲ್ಲ, ಅಂದ್ರು." ಎದೆಮೂಳೆಗೆ ಪಕ್ಕೆಲುಬು ಸೇರುವ ಕಡೆ ಮೆತ್ತನೆಯ ಮೂಳೆ ಇರುತ್ತದೆ, ಕೆಮ್ಮಿ ಕೆಮ್ಮಿ, ಎಳೆದು ಎಳೆದು ಅದು ಊದಿಕೊಂಡಿದೆ, ಯಾರಿಗೂ ಅಂಟುವುದಿಲ್ಲ, ನೋಯಿಸುತ್ತದೆ, ಪ್ರಾಣ ತೆಗೆಯುವುದಿಲ್ಲ ಎಂದರಂತೆ. ಒಂದು ಮನೆಯಲ್ಲಿ ಅಷ್ಟು ಜನ ಇದ್ದೆವು. ಅವಳು ಏನು ಕೆಲಸ ಮಾಡುತ್ತಾಳೆಂದು ದಿನಾ ನೋಡುತ್ತಿದ್ದ ನಮಗೆ ಯಾರಿಗೂ ಅದು ಹೊಳೆಯಲಿಲ್ಲ.

ನಮ್ಮತ್ತೆ ಚೀಟಿಯನ್ನು ಪೋಸ್ಟ್ ಮಾಸ್ಟರರಿಂದ ಓದಿಸಿ ಕೇಳಿ, "ದೇವ್ರು ದೊಡ್ಡೋನು" ಎಂದು ಕಣ್ಣೊರೆಸಿಕೊಂಡರು. ಊಟಕ್ಕೆ ಕೂತಾಗ ಮಾತ್ರ, "ಇನ್ನೊಂದಷ್ಟು ದಿನ ಇರ್ಲಿ ಕಣಮ್ಮ" ಎಂದು ಅದೇ ತಟ್ಟೆ ಇಟ್ಟರು. ಈರಕ್ಕ ಅದರಲ್ಲೇ ಉಂಡಳು. ಅವಳ ಮನಸ್ಸೆಲ್ಲ ಚಿಲಮತ್ತೂರಿನಲ್ಲಿತ್ತು.

ಮರುದಿನ ನಾವಿಬ್ಬರೂ ಹೋದೆವು. ಪಾರು ಅಂಗಳದಲ್ಲಿ ಹುಣಸೆಬೀಜ ಆಡುತ್ತಿದ್ದಳು. ಈರಕ್ಕ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಚಾಚಿದಳು. ಆ ಕೈ ಚಾಚಿದ್ದಕ್ಕೇ ಎದೆ ಹಿಡಿದುಕೊಂಡಿರಬೇಕು, ಮುಖ ಬೆಳ್ಳಗಾಯಿತು. ಸಾಕಮ್ಮ ಒಳಗಿಂದ, "ಪಾರು, ನಿಮ್ಮಮ್ಮ ಬಂದವ್ಳೆ ನೋಡೇ" ಎಂದಳು. ಮಗು ಎದ್ದು ನಿಂತು ನೋಡಿತು. ಲಂಗದ ಅಂಚನ್ನು ಮೂಗಿಗೆ ಹಿಡಿದು ಹಿಂದೆ ಹಿಂದೆ ಸರಿಯಿತು. ಸಾಕಮ್ಮನ ಕಾಲನ್ನು ತಬ್ಬಿಕೊಂಡು, "ಅಮ್ಮಾ, ಅವ್ರನ್ನ ಹೋಗು ಅನ್ನು" ಎಂದು ಅತ್ತಿತು.

ಈರಕ್ಕ ಚಾಚಿದ ಕೈಯನ್ನು ಮೆಲ್ಲಗೆ ಮಡಿಲಿಗೆ ತೆಗೆದುಕೊಂಡಳು. "ಒಳ್ಳೆ ಮಗ್ಳು. ಹೇಳ್ಕೊಟ್ಟಿದ್ನ ಮರ್ತಿಲ್ಲ" ಎಂದಳು. ನಾನು ನೆಲ ನೋಡಿದೆ.

ಮೂರು ದಿನ ಇದ್ದೆವು. ಸಾಕಮ್ಮ ಅಳುತ್ತಲೇ, "ನಿನ್ ಮಗಿ ಕಣಮ್ಮ, ನಾನು ಬ್ಯಾಡ ಅನ್ನಕಾಯ್ತದಾ, ಕರ್ಕೊಂಡ್ಹೋಗು" ಎಂದಳು. ಮೂರನೇ ದಿನ ಪಾರು ಹತ್ತಿರ ಬಂದಳು. ಸಾಕಮ್ಮ ಅಮ್ಮನಾದ ಮೇಲೆ ಅವಳ ಅಣ್ಣಂದಿರ ಹೆಂಡಿರೆಂದು ನನ್ನನ್ನೂ ಈರಕ್ಕನನ್ನೂ ಒಂದೇ ಸಮನಾಗಿ ಅತ್ತೆ ಎಂದು ಕರೆದಳು. ಅಷ್ಟಕ್ಕೆ ಈರಕ್ಕ ಗಂಟು ಕಟ್ಟಿದಳು. "ಎಳ್ಕೊಂಡ್ ಹೋಗಕ್ಕೆ ಅದೇನು ಕುರಿಮರೀನಾ? ಒಂದ್ಸಲ ಅಮ್ಮನ್ನ ಬಿಡ್ಸಿದ್ದು ಸಾಲ್ದಾ ಅದ್ಕೆ?" ಎಂದಳು. ಹಿಂದೂಪುರದಲ್ಲಿ ಎರಡು ವಾರ ಇದ್ದು ಕಲ್ಯಾಣದುರ್ಗಕ್ಕೆ ಹೊರಟುಹೋದಳು. ಆ ಎರಡು ವಾರವೂ ಅವಳು ಉಂಡದ್ದು ಆ ತಟ್ಟೆಯಲ್ಲೇ. ಅದನ್ನು ಎತ್ತಿ ಬಿಸಾಡುವ ಧೈರ್ಯ ನನಗೆ ಬರಲಿಲ್ಲ.

ಮೂರು ವರ್ಷದ ಮೇಲೆ ಒಂದು ಮದುವೆಗೆಂದು ಕಲ್ಯಾಣದುರ್ಗಕ್ಕೆ ಹೋದಾಗ ಅವಳನ್ನು ಕೊನೆಯ ಸಲ ಕಂಡೆ. ಪಕ್ಕದ ಮನೆಯವರ ಕಂಬಳಿಗೆ ಗಂಜಿ ಹಚ್ಚುತ್ತಿದ್ದಳು. ನನ್ನನ್ನು ಕಂಡವಳೇ ನೆಟ್ಟಗೆ ನಿಂತು, ಎದೆ ತುಂಬ ಉಸಿರೆಳೆದು ತೋರಿಸಿದಳು. "ನೋಡು, ಎಷ್ಟ್ ಎಳ್ದ್ರೂ ನೋವಿಲ್ಲ. ತಾನಾಗೇ ಬಂದಿತ್ತು, ತಾನಾಗೇ ಹೋಯ್ತು. ಅದು ಹೋಗೋವರ್ಗೂ ಒಂದಿಷ್ಟು ಕಾಯ್ಬೇಕಾಗಿತ್ತು ಕಣೆ, ಅಷ್ಟೇಯ."

ನನಗೆ ತಡೆಯಲಾಗಲಿಲ್ಲ. ಪಾರುವಿಗೆ ಮೂಗು ಮುಚ್ಚಿ ಓಡುವುದನ್ನು ಕಲಿಸಿದವಳು ನಾನೇ ಎಂದು ಹೇಳಿ ಅವಳ ಕಾಲು ಹಿಡಿದೆ. ಈರಕ್ಕ ನನ್ನ ತಲೆ ಸವರಿದಳು. "ಗೊತ್ತಿತ್ತು. ಕೋಣೆ ಕಿಟಕೀಲಿ ದಿನಾ ನೋಡ್ತಿದ್ನಲ್ಲ. ನಂಗೂ ಕ್ಷಯ ಅಂತಾನೇ ನಂಬ್ಕೆ ಇತ್ತು ಆವಾಗ. ಮಗಿ ಉಳ್ಕೊಂಡ್ತು ಅಂತ ಅಲ್ಲಿಂದ್ಲೇ ನಿಂಗೆ ಕೈ ಮುಗೀತಿದ್ದೆ."

ಮುಂದಿನ ಬೇಸಿಗೆಯಲ್ಲಿ ವಿಷಮಜ್ವರ ಬಂದು ಅವಳು ತೀರಿಕೊಂಡಳು. ಕಾಗದ ಬಂದ ದಿನ ಪಾರು ಸಾಕಮ್ಮನ ಜೊತೆ ನಮ್ಮ ಮನೆಯಲ್ಲೇ ಇದ್ದಳು. ಭಾವ ಮಗ್ಗದಿಂದ ಎದ್ದು ಬಂದು ಗೋಡೆಗೆ ಮುಖ ಮಾಡಿ ಅಳುವುದನ್ನು ನೋಡಿ ಮಗು ಹೆದರಿ ನನ್ನ ಸೆರಗು ಹಿಡಿದು ಜಗ್ಗಿತು.

"ಯಾರ್ಗೇನಾಯ್ತತ್ತೆ? ಯಾರು ಸತ್ತೋದ್ರು?"

ನಿಮ್ಮಮ್ಮ ಎನ್ನಬೇಕಾಗಿತ್ತು. ಬಾಗಿಲಲ್ಲಿ ಸಾಕಮ್ಮ ನಿಂತಿದ್ದಳು.

"ಕಲ್ಯಾಣದುರ್ಗದ ಅತ್ತೆ" ಎಂದೆ.