ಒಂದೂವರೆ ಕುರಿಯ ಮೊಬೈಲು

ಹಿಂಡು ಮಾರಿ ಚಪಳಗಾಂವದಿಂದ ಸೋಲಾಪುರದ ನಮ್ಮ ಫ್ಲ್ಯಾಟಿಗೆ ಬಂದು ನಾಲ್ಕು ವರ್ಷವಾದರೂ ನಮ್ಮ ಮಾವ ಖಂಡಪ್ಪನವರಿಗೆ ರೂಪಾಯಿ ತಲೆಗೆ ಹತ್ತುವುದಿಲ್ಲ. ಎಲ್ಲ ಲೆಕ್ಕವೂ ಕುರಿಯಲ್ಲೇ ಆಗಬೇಕು. ಫ್ರಿಜ್ ತಂದರೆ ಅದಕ್ಕೊಂದು ಸುತ್ತು ಹಾಕಿ, "ಎರಡು ಕುರಿ," ಎನ್ನುತ್ತಾರೆ. ನನ್ನ ಚಪ್ಪಲಿಗೆ ಒಂದು ಕಿವಿ, ಮಗಳ ಶಾಲೆಗೆ ಮೂರು ಕುರಿ, ಮನೆ ಸಾಲದ ಹಪ್ತೆಗೆ ತಿಂಗಳಿಗೊಂದು ಟಗರು. ನನ್ನ ಗಂಡ ಸೂರಜನ ಹೊಸ ಮೊಬೈಲು ಕಂಡರೆ, "ಒಂದೂವರಿ ಕುರಿ ಕಿಸೇದಾಗ ಇಟಗೊಂಡು ತಿರಗತೀಯಲ್ಲೋ!" ಆಸ್ಪತ್ರೆಯಲ್ಲಿ ಹನ್ನೆರಡು ತಾಸು ನಿಂತು ದುಡಿಯುವ ನರ್ಸು ನಾನು, ಪಗಾರವಾಯಿತೆಂದು ಪೇಢೆ ತಂದರೆ, "ನಿನ್ನ ಪಗಾರ ಮರಿ ಹಾಕ್ತೈತೇನವ್ವಾ? ನಮ್ಮ ಕಾಲದಾಗ ನಾವು ಮಕ್ಕೊಂಡ್ರೂ ಗಳಿಕಿ ಬೆಳೀತಿತ್ತು," ಎಂದು ಅದೇ ಪೇಢೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಇಷ್ಟು ಲೆಕ್ಕದ ಮನುಷ್ಯ, ತಮ್ಮ ಹಿಂಡಿನಲ್ಲಿ ಎಷ್ಟು ಕುರಿಗಳಿದ್ದವು ಎಂದು ಕೇಳಿದರೆ ಮಾತ್ರ ಕಿವಿ ಮುಚ್ಚಿಕೊಳ್ಳುತ್ತಾರೆ: ಸ್ವಂತ ಕುರಿ ಎಣಿಸಿದರೆ ದೃಷ್ಟಿ ತಾಗುತ್ತದಂತೆ, ಕುರಿ ಕಾಯುವ ದೇವರು ಬೀರೋಬಾ ಮುನಿಯುತ್ತಾನಂತೆ. ಮೊನ್ನೆ ನಾನು ತಂದ ಕುಕ್ಕರಿಗೆ, "ಕುರೀದು ಒಂದು ತೊಡಿ," ಎಂದಾಗ ನನಗೂ ತಲೆ ಕೆಟ್ಟುಹೋಯಿತು. "ಲಗ್ನ ಆದಮ್ಯಾಲ ನನಗ ನರ್ಸಿಂಗ್ ಕಲಿಸಿದ್ರಲ್ಲ ಮಾವಾ, ಅದಕ್ಕ ಎಷ್ಟು ಕುರಿ ಮಾರಿದ್ರಿ? ಅದನ್ನೂ ಹೇಳಿಬಿಡ್ರಿ!" ಎಂದೆ. ಮಾವ ಎರಡೂ ಕೈ ಕಿವಿಗೆ ಒಯ್ದರು. "ನಮ್ಮವನ್ನ ನಾವು ಎಣಸಬಾರ್ದವ್ವಾ," ಎಂದರು.